ಚೌಡವ್ವ ಕಿತ್ತೊಗೆದ ಚಿತ್ರಗಳು

ಮಧ್ಯಾಹ್ನ ರೊಟ್ಟಿ ತಿಂದು ಕೂತ ಮೇಲೆ ಚೌಡವ್ವನಿಗೆ ಚಿತ್ರಗಳು ಕಾಣುವುದು ನಿಂತುಬಿಡುತ್ತಿತ್ತು. ಕಣ್ಣು ತೆರೆದೇ ಇರುತ್ತಿದ್ದವು. ಕೈ ಮೌಸಿನ ಮೇಲೆಯೇ ಇರುತ್ತಿತ್ತು. ಎದುರಿನ ಕಂಪ್ಯೂಟರಿನಲ್ಲಿ ಒಂಬತ್ತು ಚೌಕಗಳು, ಚೌಕಕ್ಕೊಂದು ಚಿತ್ರ, ಎಲ್ಲ ಇದ್ದಲ್ಲೇ ಇರುತ್ತಿದ್ದವು. ಆದರೆ ಯಾವುದು ಚಂದ, ಯಾವುದು ಅಲ್ಲ ಎಂದು ಹೇಳುವ ಶಕ್ತಿ ಒಳಗೆಲ್ಲೋ ಮುಗಿದುಹೋಗಿರುತ್ತಿತ್ತು. ಹೊತ್ತು ಮುಳುಗುವ ತನಕ ಬಗ್ಗಿ ದುಡಿದ ಮೈಗೆ ದಣಿವೆಂದರೇನು ಎಂದು ಚೆನ್ನಾಗಿ ಗೊತ್ತಿತ್ತು. ಕುರ್ಚಿಯಲ್ಲಿ, ಫ್ಯಾನಿನ ಕೆಳಗೆ ಕೂತು ಬರುವ ಈ ದಣಿವು ಮಾತ್ರ ಹೊಸದು. ಹೇಳಿಕೊಂಡರೆ ಅವಳ ಊರು ಅಬಲೂರಿನಲ್ಲಿ ಯಾರೂ ನಂಬುವಂತಿರಲಿಲ್ಲ.

ಹಿರೇಕೆರೂರಿನ ಬಸ್ ಸ್ಟ್ಯಾಂಡಿನ ಹಿಂದೆ, ಗೊಬ್ಬರದ ಅಂಗಡಿಯ ಮೇಲೆ ಒಂದು ಕೋಣೆ. ಅದರಲ್ಲಿ ಮೂರು ಕಂಪ್ಯೂಟರು, ಮೂರು ಕುರ್ಚಿ, ಮೂವರು ಹೆಂಗಸರು. ಕೆಳಗಿನಿಂದ ಎಣ್ಣೆಯ ಘಾಟು, ಅಂದರೆ ಬೆಳೆಗೆ ಹೊಡೆಯುವ ಔಷಧದ ಘಾಟು, ಮೆಟ್ಟಿಲು ಹತ್ತಿ ಬರುತ್ತಿತ್ತು. ಹೊಲ ಬಿಟ್ಟು ಬಂದರೂ ಹೊಲದ ವಾಸನೆ ಬೆನ್ನು ಬಿಡಲಿಲ್ಲವಲ್ಲ ಎಂದು ಚೌಡವ್ವ ಮೊದಮೊದಲು ನಗುತ್ತಿದ್ದಳು. ಆಮೇಲಾಮೇಲೆ ನಗುವುದನ್ನೂ ಬಿಟ್ಟಳು.

ಕೆಲಸ ಹೇಳಿಕೊಳ್ಳಲು ಬಲು ಸುಲಭ. ಒಂಬತ್ತು ಚಿತ್ರಗಳಲ್ಲಿ ಮನಸ್ಸಿಗೆ ಹಿಡಿಸಿದ ಎರಡನ್ನು ಒತ್ತಬೇಕು. ಕಂಪ್ಯೂಟರು ಅವೆರಡನ್ನು ಅಪ್ಪ ಅವ್ವ ಮಾಡಿ ಒಂಬತ್ತು ಮಕ್ಕಳನ್ನು ಹುಟ್ಟಿಸುತ್ತದೆ. ಒಂದರ ಬಣ್ಣ, ಇನ್ನೊಂದರ ಗೆರೆ, ಒಂದರ ಸುರುಳಿ, ಇನ್ನೊಂದರ ಚುಕ್ಕೆ. ಆ ಮಕ್ಕಳಲ್ಲಿ ಮತ್ತೆ ಎರಡನ್ನು ಆರಿಸಬೇಕು. ಮತ್ತೆ ಒಂಬತ್ತು. ಹೀಗೆ ಪೀಳಿಗೆಯ ಮೇಲೆ ಪೀಳಿಗೆ, ಬೆಳಿಗ್ಗೆಯಿಂದ ಸಂಜೆಯ ತನಕ. ಚಿತ್ರ ಬರೆಯುವವರು ಯಾರೂ ಇಲ್ಲ. ಬಣ್ಣದ ಡಬ್ಬಿ ಇಲ್ಲ, ಕುಂಚ ಇಲ್ಲ. ಒಳಗೊಂದು ಲೆಕ್ಕ ಇರುತ್ತದೆ, ಲೆಕ್ಕಕ್ಕೆ ತಕ್ಕ ಚಿತ್ರ ಮೂಡುತ್ತದೆ. ಯಾವ ಲೆಕ್ಕ ಬದುಕಬೇಕು, ಯಾವುದು ಸಾಯಬೇಕು ಎಂದು ಹೇಳುವುದಕ್ಕೆ ಮಾತ್ರ ಮನುಷ್ಯರ ಕಣ್ಣು ಬೇಕು. ಕಂಪ್ಯೂಟರಿಗೆ ಹುಟ್ಟಿಸುವುದರಲ್ಲಿ ಬೇಸರವೆಂಬುದೇ ಇಲ್ಲ. ಬೇಸರವೆಲ್ಲ ಆರಿಸುವವರ ಪಾಲಿನದು.

ಇದನ್ನೆಲ್ಲ ಕಟ್ಟಿದವಳು ಸವಣೂರಿನ ಅಫ್ಸಾನಾ. ಕಂಪ್ಯೂಟರು ಓದಿ, ಆಮೇಲೆ ಚಿತ್ರಕಲೆಯನ್ನೂ ಓದಿ, ಎರಡನ್ನೂ ಒಂದೇ ಗಾಡಿಗೆ ಹೂಡುತ್ತೇನೆಂದು ಹೊರಟ ಹೆಣ್ಣುಮಗಳು. ಈ ಕಡೆಯ ಹೆಂಗಸರ ಕಣ್ಣಿಗೆ ಯಾವುದು ಸೇರುತ್ತದೋ ಅದರಿಂದಲೇ ಚಿತ್ರ ಬೆಳೆಯಬೇಕು ಎಂಬುದು ಅವಳ ಹಟ. ದೊಡ್ಡ ಊರಿನ ಒಂದು ಕಲಾ ಸಂಸ್ಥೆ ಒಂದು ವರ್ಷಕ್ಕೆ ನೆರವು ಕೊಟ್ಟಿತ್ತು. ವರ್ಷದ ಕೊನೆಗೆ ಶಿಗ್ಗಾವಿಯಲ್ಲಿ ಪ್ರದರ್ಶನ, ಒಬ್ಬೊಬ್ಬರಿಗೆ ಒಂದೊಂದು ಗೋಡೆ. ಸಂಸ್ಥೆಯವರು ಬಂದು ನೋಡುತ್ತಾರೆ. ಮುಂದಿನ ವರ್ಷಕ್ಕೆ ಇಬ್ಬರನ್ನೇ ಇಟ್ಟುಕೊಳ್ಳುವುದು ಎಂದು ಅವರು ಮೊದಲೇ ಹೇಳಿದ್ದರು. ಅಫ್ಸಾನಾ ಈ ಮಾತನ್ನು ಮುಚ್ಚಿಡಲಿಲ್ಲ, ಮೊದಲ ದಿನವೇ ಮೂವರೆದುರು ಹೇಳಿದಳು. ಹೇಳಿದ್ದು ಒಳ್ಳೆಯದಾಯಿತೋ ಕೆಟ್ಟದಾಯಿತೋ, ಅಂದಿನಿಂದ ಚೌಡವ್ವನಿಗೆ ತಾನು ಕೂತ ಕುರ್ಚಿಯ ಕಾಲುಗಳು ಅಲುಗಾಡುತ್ತಿವೆ ಎಂಬ ಭಾವನೆ ಹೋಗಲಿಲ್ಲ.

ಆ ಕುರ್ಚಿ ಅವಳಿಗೆ ಏನು ಎಂಬುದನ್ನು ತಿಳಿಯಬೇಕಾದರೆ ಅವಳ ಬೆನ್ನನ್ನು ಕೇಳಬೇಕು. ಹದಿನಾರಕ್ಕೆ ಸೀಡ್ಸ್ ಹೊಲಕ್ಕೆ ಇಳಿದವಳು ನಲವತ್ತು ದಾಟುವ ತನಕ ಮೇಲೆ ಏಳಲಿಲ್ಲ. ಈ ಸೀಮೆಯಲ್ಲಿ ಹತ್ತಿ, ಮೆಣಸಿನಕಾಯಿ, ಟೊಮ್ಯಾಟೊ ಬೀಜ ಬೆಳೆಯುವ ಹೊಲಗಳಿಗೆ ಲೆಕ್ಕವಿಲ್ಲ. ಎಲ್ಲದರಲ್ಲೂ ಹೆಂಗಸರ ಕೈ. ಮಧ್ಯಾಹ್ನದ ಮೇಲೆ ಹೆಣ್ಣು ಸಾಲಿನ ಮೊಗ್ಗು ಹುಡುಕಿ, ಹೆಬ್ಬೆರಳಿನ ಉಗುರಿನಿಂದ ಎಸಳು ಸುಲಿದು, ಒಳಗಿನ ಗಂಡುಭಾಗ ತೆಗೆದು, ಕೆಂಪು ಕಾಗದದ ಟೊಪ್ಪಿಗೆ ಹಾಕಬೇಕು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಅದರ ಪುಡಿ ಸವರಿ ನೂಲು ಕಟ್ಟಬೇಕು. ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಕ್ರಾಸಿಂಗ್ ಹೆಂಗಸರನ್ನು ಎಲ್ಲಿದ್ದರೂ ಗುರುತಿಸಬಹುದು, ಬಲಗೈ ಹೆಬ್ಬೆರಳಿನ ಉಗುರೊಂದು ಉದ್ದಕ್ಕೆ ಬೆಳೆದಿರುತ್ತದೆ. ಕಂಪ್ಯೂಟರಿನ ಕೆಲಸಕ್ಕೆ ಬಂದ ಮೇಲೂ ಚೌಡವ್ವ ಆ ಉಗುರು ಕತ್ತರಿಸಲಿಲ್ಲ. ಯಾವಾಗ ಹಿಂದಕ್ಕೆ ಹೋಗಬೇಕಾಗುತ್ತದೋ ಯಾರಿಗೆ ಗೊತ್ತು ಎಂಬ ಲೆಕ್ಕಾಚಾರ ಅದರಲ್ಲಿತ್ತು.

ಬೆನ್ನುಮೂಳೆಯ ಒಂದು ಬಿಲ್ಲೆ ಜರುಗಿದೆ, ಇನ್ನು ಬಗ್ಗಬೇಡ ಎಂದು ಡಾಕ್ಟರು ಹೇಳಿದ್ದರು. ಬಗ್ಗುವುದು ಅವಳ ಚಟವೇನೋ ಎಂಬಂತೆ ಹೇಳಿದ್ದರು. ಗಂಡ ಮಾಳಪ್ಪ ಗೌಂಡಿ ಕೆಲಸದವನು, ಸಾಧು ಮನುಷ್ಯ. ನೀನು ಮನೆಯಲ್ಲಿರು, ನಾನು ನೋಡಿಕೊಳ್ಳುತ್ತೇನೆ ಎಂದ. ಆದರೆ ಅವನ ಮೊಣಕೈಯೂ ಸುಖದಲ್ಲಿರಲಿಲ್ಲ ಎಂಬುದು ಅವನು ಬುತ್ತಿ ಎತ್ತುವ ರೀತಿಯಲ್ಲೇ ಅವಳಿಗೆ ಕಾಣುತ್ತಿತ್ತು. ಹಾಗಿದ್ದಾಗ ಹೊಲದ ಕೂಲಿ ಗ್ಯಾಂಗಿನ ಹಳೆಯ ಗೆಳತಿ ಶಾರವ್ವ ಬಂದು, ಕುರ್ಚಿ ಮೇಲೆ ಕೂತು ಮಾಡುವ ಕೆಲಸವಿದೆ, ಕುರ್ಚಿಗೆ ಬೆನ್ನೂ ಇದೆ, ಬರುತ್ತೀಯಾ ಎಂದಳು. ಬೆನ್ನಿರುವ ಕುರ್ಚಿ ಎಂದದ್ದೇ ಸಾಕಾಯಿತು. ಕೆಲಸ ಏನೆಂದು ಚೌಡವ್ವ ಕೇಳಲೇ ಇಲ್ಲ.

ಮೊದಲ ದಿನ ಅಫ್ಸಾನಾ ಕಂಪ್ಯೂಟರಿನ ಲೆಕ್ಕ, ಪೀಳಿಗೆ, ಗುಣ ಎಂದು ತಿಳಿಸಲು ಒದ್ದಾಡಿದಳು. ಶಾರವ್ವ ಸೀಲಿಂಗ್ ನೋಡುತ್ತಿದ್ದಳು. ಮೂರನೆಯವಳು ಸವಿತಾ, ಹಿರೇಕೆರೂರಿನವಳೇ, ಕಾಲೇಜು ಅರ್ಧಕ್ಕೆ ಬಿಟ್ಟವಳು. ಅವಳು ತಲೆಯಾಡಿಸುತ್ತಿದ್ದಳು, ಆದರೆ ಎಲ್ಲದಕ್ಕೂ ಒಂದೇ ಹದದಲ್ಲಿ. ಆಗ ಚೌಡವ್ವ ಬಾಯಿ ತೆರೆದಳು.

"ಇದು ಕ್ರಾಸಿಂಗ್ ಅಲ್ಲೇನ್ರಿ ಮೇಡಮ್ರೀ? ಹೆಣ್ಣು ಗಿಡ, ಗಂಡು ಗಿಡ. ನಾವು ಹತ್ತಿಯೊಳಗ ಮಾಡ್ತಿದ್ವಿ."

ಅಫ್ಸಾನಾಳ ಮುಖ ಅರಳಿತು. "ಖರೇ ಅಂದ್ರ ಇದು ಅದ ಐತಿ ಚೌಡವ್ವಕ್ಕ. ನೀವು ಹೊಲದಾಗ ಹೆಂಗ ಮಾಡ್ತಿದ್ರೋ ಹಂಗ ಮಾಡ್ರಿ" ಎಂದಳು.

ಮುಂದೆ ಕೆಟ್ಟದ್ದೆಲ್ಲ ಕೆಟ್ಟದ್ದು ಈ ಒಂದು ಮಾತಿನಿಂದ. ಇಬ್ಬರೂ ಒಳ್ಳೆಯ ಮನಸ್ಸಿನಿಂದ ಆಡಿದ ಮಾತು, ಇಬ್ಬರಿಗೂ ಅದರ ಅರ್ಧವೇ ಗೊತ್ತಿತ್ತು. ಸೀಡ್ಸ್ ಹೊಲದಲ್ಲಿ ಕ್ರಾಸಿಂಗ್ ಅರ್ಧ ಕೆಲಸವಷ್ಟೇ. ಇನ್ನರ್ಧ ಬೆರಕೆ ಕೀಳುವುದು. ಸಾಲಿನಲ್ಲಿ ಒಂದು ಗಿಡ ಒಂದು ಗೇಣು ಎತ್ತರ ಹೋದರೆ, ಒಂದರ ಎಲೆಯ ಸೀಳು ಬೇರೆಯಾದರೆ, ಒಂದರ ಹೂವಿಗೆ ಬೇರೆ ಬಣ್ಣ ಬಂದರೆ ಅದು ಬೆರಕೆ. ಕಂಡಲ್ಲೇ ಬೇರು ಸಮೇತ ಕಿತ್ತು ಬದುವಿನಾಚೆ ಒಗೆಯಬೇಕು. ಎಲ್ಲ ಗಿಡಗಳೂ ಒಂದೇ ತಾಯಿ ಹಡೆದ ಹಾಗೆ ನಿಂತಾಗಲೇ ಬೀಜದ ಕಂಪನಿಯಿಂದ ಹೊಲದ ಪ್ಲಾಟು ಪಾಸು.

ಚೌಡವ್ವನಿಗೆ ಈ ಪಾಠ ಕಲಿಸಿದ್ದು ಅನ್ನವ್ವ. ಗ್ಯಾಂಗಿನ ಮುಂದಾಳು, ಮಾತು ಕಡಿಮೆಯ ಮುದುಕಿ. ಆಗ ಚೌಡವ್ವನಿಗೆ ಹದಿನೇಳು. ಹತ್ತಿಯ ಹೆಣ್ಣು ಸಾಲಿನಲ್ಲಿ ಎಲ್ಲ ಹೂವೂ ಕೆನೆಬಣ್ಣಕ್ಕಿರುವಾಗ ಒಂದು ಗಿಡ ಮಾತ್ರ ಹಳದಿ ಹೂ ಬಿಟ್ಟಿತು, ಎಸಳಿನ ಬುಡದಲ್ಲಿ ನೇರಳೆ ಬೊಟ್ಟು. ಕೀಳಬೇಕೆಂದು ಗೊತ್ತಿತ್ತು. ಕೈ ಹೋಗಲಿಲ್ಲ. ಅಷ್ಟು ಚಂದದ್ದನ್ನು ಅವಳು ಅಲ್ಲಿಯ ತನಕ ತನ್ನದೆಂದು ನೋಡಿರಲಿಲ್ಲ. ಇದೊಂದು ಇರಲಿ ಎಂದುಕೊಂಡಳು. ಅನ್ನವ್ವ ಆ ಸಾಲಿಗೆ ಬಂದಾಗಲೆಲ್ಲ ಗಿಡಕ್ಕೆ ಅಡ್ಡ ನಿಂತಳು. ಬೀಜದ ಕಂಪನಿಯ ಇನ್ಸ್‌ಪೆಕ್ಟರು ಬಂದ ದಿನ ಮಾತ್ರ ಅಡ್ಡ ನಿಲ್ಲಲು ಆಗಲಿಲ್ಲ. ಒಂದು ಬೆರಕೆ ಸಿಕ್ಕ ಮೇಲೆ ಅವನ ಕಣ್ಣೇ ಬೇರೆಯಾಯಿತು, ಹುಡುಕಿ ಹುಡುಕಿ ಇನ್ನೂ ಕೆಲವನ್ನು ಹಿಡಿದ. ಪ್ಲಾಟು ಫೇಲಾಯಿತು. ಹೊಲದವನು ಇಡೀ ಗ್ಯಾಂಗನ್ನು ಅವತ್ತೇ ಕಳಿಸಿಬಿಟ್ಟ. ಅನ್ನವ್ವ ಬೈಯಲಿಲ್ಲ. ಆ ಗಿಡವನ್ನು ತಾನೇ ಕಿತ್ತು, ಮಣ್ಣು ಕೊಡವಿ, ಚೌಡವ್ವನ ಕೈಗೆ ಕೊಟ್ಟಳು.

"ಇದೊಂದು ಇರ್ಲಿ ಅಂದ್ಕೊಂಡಿದ್ದೀ? ತಗೋ. ಹಿಡಕೊಂಡು ನಡಿ."

ಊರಿನ ತನಕ ಎಲ್ಲರ ಮುಂದೆ ಅದನ್ನು ಹಿಡಿದುಕೊಂಡು ನಡೆದಳು. ಮನೆಯ ಹಿತ್ತಲಲ್ಲಿ ಅದನ್ನು ನೆಟ್ಟು ನೀರು ಹಾಕಿ ನೋಡಿದಳು. ಕಿತ್ತ ಹತ್ತಿ ಮತ್ತೆ ಹಿಡಿಯುತ್ತದೆಯೇ? ಬಾಡಿಹೋಯಿತು. ಅಂದಿನಿಂದ ಚೌಡವ್ವನ ಕಣ್ಣು ಬೇರೆಯಾದದ್ದನ್ನು ಕಂಡರೆ ಕ್ಷಮಿಸಲಿಲ್ಲ. ತಾಲೂಕಿನಲ್ಲೇ ಅವಳಷ್ಟು ಚೊಕ್ಕವಾಗಿ ಬೆರಕೆ ಕೀಳುವವರಿಲ್ಲ ಎಂದು ಹೆಸರಾಯಿತು.

ಆ ಹೆಸರಿನ ಕಣ್ಣನ್ನೇ ಅವಳು ಕಂಪ್ಯೂಟರಿನ ಮುಂದೆ ತಂದು ಕೂರಿಸಿದಳು. ಮೊದಲ ವಾರಗಳಲ್ಲಿ ಎಲ್ಲವೂ ಹೊಸತಾಗಿತ್ತು. ಹೊಗೆಯಂಥ ಚಿತ್ರ, ಎಮ್ಮೆಯ ಕೋಡಿನಂಥ ಚಿತ್ರ, ಚೆಲ್ಲಿದ ಹಾಲಿನಂಥ ಚಿತ್ರ. ಅವುಗಳಲ್ಲಿ ಕೆಂಪು ನೆಲದ ಮೇಲೆ ಹಳದಿ ಬಳೆಗಳಿರುವ ಒಂದನ್ನು ಹಿಡಿದಳು. ಚೊಕ್ಕ ಇತ್ತು, ಬಳೆ ಎಲ್ಲೂ ಒಡೆದಿರಲಿಲ್ಲ. ಅದರ ಮಕ್ಕಳಲ್ಲಿ ಅದಕ್ಕೆ ಹೋಲುವ ಎರಡನ್ನು ಆರಿಸಿದಳು. ಮತ್ತೆ ಅವುಗಳ ಮಕ್ಕಳಲ್ಲಿ ಎರಡು. ಒಂದು ಬಳೆ ಸೊಟ್ಟಗಾಗಿ ಹುಟ್ಟಿದರೆ ಬೆರಕೆ. ಹಳದಿಯಲ್ಲಿ ಹಸಿರು ಇಣುಕಿದರೆ ಬೆರಕೆ. ಕೈ ತಾನೇ ಓಡುತ್ತಿತ್ತು. ಶಾರವ್ವನೂ ಅದೇ ಹೊಲಗಳಿಂದ ಬಂದವಳು, ಆದರೆ ಅವಳು ಬೆರಕೆ ಕೀಳುವುದರಲ್ಲಿ ಯಾವತ್ತೂ ಸೋಮಾರಿ. ಇಲ್ಲಿ ಆ ಸೋಮಾರಿತನವೇ ಅವಳಿಗೆ ಕೂಡಿಬಂತು. ಇದು ಕೋಳಿ, ಇದು ನನ್ನ ಭಾವ ಉಂಡು ಮಲಗಿದಂಗೆ ಐತಿ ಎಂದು ನಗುತ್ತಾ ಸಿಕ್ಕಿದ್ದನ್ನು ಒತ್ತುತ್ತಿದ್ದಳು. ಚೌಡವ್ವ ತನ್ನ ಹೊಲ ಬಿಟ್ಟು ಅತ್ತಿತ್ತ ನೋಡುತ್ತಿರಲಿಲ್ಲ. ಮೂವರೂ ತಂತಮ್ಮ ಕಂಪ್ಯೂಟರನ್ನು ಹೊಲ ಎಂದೇ ಕರೆಯುತ್ತಿದ್ದರು, ಹೆಸರಿಟ್ಟವಳು ಚೌಡವ್ವನೇ.

ಬೇಸಿಗೆ ಶುರುವಾಗುವ ಹೊತ್ತಿಗೆ ಅಫ್ಸಾನಾಳ ಅಪ್ಪನಿಗೆ ಮೈ ಸರಿಯಿಲ್ಲದಾಗಿ ಅವಳು ಸವಣೂರಿನಲ್ಲೇ ಉಳಿಯಬೇಕಾಯಿತು. ಆಸ್ಪತ್ರೆ, ಮನೆ, ನಡುವೆ ಪ್ರದರ್ಶನದ ಓಡಾಟ. ಯಾರು ದಿನಕ್ಕೆ ಎಷ್ಟು ಪೀಳಿಗೆ ಮುಗಿಸಿದರು ಎಂಬುದಷ್ಟೇ ಅವಳ ಫೋನಿಗೆ ಹೋಗುತ್ತಿತ್ತು, ಚಿತ್ರಗಳನ್ನು ತೆರೆದು ನೋಡುವ ವ್ಯವಧಾನ ಅವಳಿಗಿರಲಿಲ್ಲ. ಎಲ್ಲರಿಗಿಂತ ಮುಂದೆ ಚೌಡವ್ವನೇ ಇದ್ದಳು. ಅಕ್ಕಾ ನೀವು ಭಾಳ ಛಲೋ ಮಾಡಾಕತ್ತೀರಿ ಎಂದು ಫೋನಿನಲ್ಲಿ ಹೊಗಳಿದಳು. ಚೌಡವ್ವ ಇನ್ನೂ ಬಿಗಿಯಾಗಿ ಕೂತಳು. ಕುರ್ಚಿ ಉಳಿಯುವ ಲಕ್ಷಣ ಕಂಡಿತ್ತು.

ಆದರೆ ಒಂದು ವಿಚಿತ್ರ. ಹೊಲ ಚೊಕ್ಕವಾದಷ್ಟೂ ದಣಿವು ಹೆಚ್ಚಾಯಿತು. ಒಂಬತ್ತು ಬೇರೆ ಬೇರೆ ಇದ್ದಾಗ ಎರಡನ್ನು ಆರಿಸುವುದು ಕಷ್ಟವೆನಿಸಿರಲಿಲ್ಲ. ಈಗ ಒಂಬತ್ತೂ ಒಂದೇ ಮುಖ. ಯಾವ ಬಳೆ ಕೂದಲೆಳೆಯಷ್ಟು ದಪ್ಪ, ಯಾವುದು ತೆಳು ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕು. ನೋಡಿ ಆರಿಸಿದರೆ ಮತ್ತೆ ಅವೇ ಒಂಬತ್ತು. ರೊಟ್ಟಿ ತಟ್ಟುವಾಗ ಹಂಚಿನ ಮೇಲೂ ಬಳೆಗಳು ಕಾಣತೊಡಗಿದವು. ಬಸ್ಸಿನಲ್ಲಿ ಕಣ್ಣು ಮುಚ್ಚಿದರೆ ಕೆಂಪು ನೆಲ, ಹಳದಿ ಬಳೆ. ಮೈ ದಣಿದರೆ ಮಲಗಿ ಏಳಬಹುದು. ಇದು ಮಲಗಿದರೂ ಇಳಿಯುತ್ತಿರಲಿಲ್ಲ.

ಬುದ್ಧ ಪೂರ್ಣಿಮೆಗೆ ಅವ್ವನಿಗೊಂದು ಬಿಳಿ ಸೀರೆ ಕೊಡಿಸಬೇಕೆಂದು ಮಗಳು ಸಮತಾ ಹಿರೇಕೆರೂರಿನ ಅಂಗಡಿಗೆ ಕರೆದುಕೊಂಡು ಹೋದಳು. ಅಂಗಡಿಯವನು ಬಿಳಿ ಸೀರೆಗಳನ್ನು ಹರವಿದ. ಅಂಚು ಮಾತ್ರ ಬೇರೆ ಬೇರೆ: ನೀಲಿ, ಹಸಿರು, ಕಂದು, ಸಣ್ಣ ಹೂವಿನದು, ಗೆರೆಯದು. ಯಾವುದು ಬೇಕವ್ವಾ ಎಂದು ಸಮತಾ ಕೇಳಿದಳು. ಚೌಡವ್ವ ನೋಡಿದಳು. ಎಲ್ಲವೂ ಸೀರೆಗಳಾಗಿದ್ದವು. ಬೇಕು ಎಂಬುದು ಒಳಗಿನಿಂದ ಬರಬೇಕಲ್ಲ, ಏನೂ ಬರಲಿಲ್ಲ. ಅಂಗಡಿಯವನು ಇನ್ನಷ್ಟು ಹರವಿದ. ಅವಳ ಕಣ್ಣಲ್ಲಿ ನೀರು ಬಂದುಬಿಟ್ಟಿತು.

"ನೀನ ಆರಿಸವ್ವಾ," ಎಂದಳು ಮಗಳಿಗೆ. "ನನಗ ಆರಿಸು ಅಂತ ಹೇಳಬ್ಯಾಡ."

ಸಮತಾ ಗಾಬರಿಯಾಗಿ ನೀಲಿ ಅಂಚಿನದನ್ನು ಕಟ್ಟಿಸಿದಳು. ಮನೆಗೆ ಬಂದು ಅಪ್ಪನಿಗೆ ಹೇಳಿದಳು. ಮಾಳಪ್ಪ ರಾತ್ರಿ ಊಟಕ್ಕೆ ಕೂತಾಗ, ಕೆಲಸ ಬಿಟ್ಟುಬಿಡು ಎಂದ. ಬಿಟ್ಟು ಏನು ಮಾಡಲಿ, ಮತ್ತೆ ಬಗ್ಗಲೇ ಎಂದು ಚೌಡವ್ವ ಕೇಳಿದಳು. ಅವನು ತನ್ನ ಮೊಣಕೈ ನೀವಿಕೊಂಡ.

ಮಳೆಗಾಲ ಹತ್ತಿರ ಬಂದಾಗ ಅಪ್ಪ ಚೇತರಿಸಿಕೊಂಡು ಅಫ್ಸಾನಾ ಹಿರೇಕೆರೂರಿಗೆ ಬಂದಳು. ಅವಳ ಕಣ್ಣ ಕೆಳಗೂ ಕಪ್ಪಾಗಿತ್ತು. ಶಾರವ್ವನ ಹೊಲ ನೋಡಿ ನಕ್ಕಳು, ಸವಿತಾಳದನ್ನು ನೋಡಿ ಬೆನ್ನು ತಟ್ಟಿದಳು. ಚೌಡವ್ವನ ಹಿಂದೆ ಬಂದು ನಿಂತಳು. ಮುಂದಿನ ಪೀಳಿಗೆ ತೋರಿಸಿ ಎಂದಳು. ಚೌಡವ್ವ ಒತ್ತಿದಳು. ಅದರ ಮುಂದಿನದು ಎಂದಳು. ಮತ್ತೆ ಒತ್ತಿದಳು. ಅವೇ ಬಳೆಗಳು.

ಹೊಗಳಿಕೆಗೆ ಕಾಯುತ್ತಿದ್ದ ಚೌಡವ್ವನಿಗೆ ಬೆನ್ನ ಹಿಂದಿನ ಮೌನ ತಿಳಿಯಿತು. ಇನ್ಸ್‌ಪೆಕ್ಟರು ಬದುವಿನ ಮೇಲೆ ನಿಂತಾಗ ಇರುತ್ತಿದ್ದ ಮೌನ ಅದು.

"ಹೊಲ ಚೊಕ್ಕ ಐತಲ್ರಿ?" ಎಂದಳು.

ಅಫ್ಸಾನಾ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತಳು. ಸಿಟ್ಟು ಮಾಡಲಿಲ್ಲ, ಅದಕ್ಕೂ ಅವಳಲ್ಲಿ ಶಕ್ತಿ ಉಳಿದಿರಲಿಲ್ಲವೋ ಏನೋ. ಎಲ್ಲ ಒಂದೇ ಆದ ಮೇಲೆ ಇನ್ನು ಹೊಸದು ಹುಟ್ಟುವುದಿಲ್ಲ, ಇಬ್ಬರೂ ಒಂದೇ ಇದ್ದರೆ ಮಕ್ಕಳು ಬೇರೆ ಹೇಗಾಗುತ್ತಾರೆ ಎಂದು ಮೆಲ್ಲಗೆ ಹೇಳಿದಳು. ಆಮೇಲೆ, ಹೇಳಲೋ ಬೇಡವೋ ಎಂಬಂತೆ, ಇನ್ನೊಂದು ಮಾತು ಹೇಳಿದಳು.

"ಪ್ರತಿ ಸಲಾನೂ ಒಂದೋ ಎರಡೋ ಬ್ಯಾರೆ ಥರದ್ದು ಹುಟ್ಟಲಿ ಅಂತ ನಾನ ಒಳಗ ಇಟ್ಟಿದ್ದೆ ಅಕ್ಕಾ. ಸೊಟ್ಟಂದು, ಬಣ್ಣ ತಪ್ಪಿದ್ದು. ಅವುಗಳಿಂದನ ಮುಂದ ಹೊಸದು ಬರೋದು."

"ಬೆರಕೀನ ನೀವ ಹಾಕಿದ್ರಿ?"

"ಹೂಂ. ನಾನ ಹಾಕಿದ್ದೆ."

"ಅವನ್ನ ನಾನು ಆರಿಸಿ ಆರಿಸಿ ಕಿತ್ತೇನಲ್ರಿ," ಎಂದಳು ಚೌಡವ್ವ. "ಬೆರಕೆ ಕಂಡ್ರ ಕೀಳಬೇಕು. ನನಗ ಅದ ಗೊತ್ತಿರೋದು."

ಹೊಲದಲ್ಲಿ ಮಾಡಿದಂತೆ ಮಾಡಿ ಎಂದವಳು ತಾನೇ ಎಂಬುದು ಅಫ್ಸಾನಾಳಿಗೆ ಆಗ ನೆನಪಾಯಿತು. ತಪ್ಪು ನನ್ನದೂ ಇದೆ ಎಂದಳು. ಆ ಮಾತಿನಿಂದ ಚೌಡವ್ವನಿಗೆ ಸಮಾಧಾನವಾಗಲಿಲ್ಲ. ತಪ್ಪು ಯಾರದ್ದಾದರೂ ಫೇಲಾದದ್ದು ಅವಳ ಪ್ಲಾಟು. ಪ್ರದರ್ಶನಕ್ಕೆ ಕೆಲವೇ ವಾರ ಉಳಿದಿತ್ತು. ಹಳೆಯದನ್ನು ಬಿಟ್ಟು ಮೊದಲಿನಿಂದ ಶುರು ಮಾಡಿ, ಗೋಡೆಯ ವಿಚಾರ ನಾನು ನೋಡಿಕೊಳ್ಳುತ್ತೇನೆ ಎಂದು ಅಫ್ಸಾನಾ ಎದ್ದಳು.

ಮೊದಲಿನಿಂದ ಶುರು ಮಾಡು ಎಂಬ ಮಾತು ಹೇಳುವವರಿಗೆ ಹಗುರ. ಮತ್ತೆ ಹೊಗೆ, ಮತ್ತೆ ಎಮ್ಮೆಯ ಕೋಡು, ಮತ್ತೆ ಚೆಲ್ಲಿದ ಹಾಲು. ಈ ಸಲ ಚೌಡವ್ವ ಬೇಕೆಂದೇ ಸೊಟ್ಟಗಿದ್ದದ್ದನ್ನು ಆರಿಸಲು ಹೋದಳು. ಮೌಸು ಅದರ ಮೇಲೆ ಹೋದೊಡನೆ ಕೈ ತಾನೇ ಹಿಂದಕ್ಕೆ ಬರುತ್ತಿತ್ತು. ಹಿಂದೆ ಯಾರೋ ಬಂದು ನಿಂತಂತಾಗುತ್ತಿತ್ತು. ಒಮ್ಮೆ ಶಾರವ್ವನ ಕಡೆ ನೋಡಿ ಅವಳು ಒತ್ತಿದಂಥದ್ದನ್ನೇ ಒತ್ತಿದಳು, ಶಾರವ್ವನ ಕೋಳಿ ಇವಳ ಹೊಲದಲ್ಲಿ ಸಗಣಿ ರಾಶಿಯಾಯಿತು. ಇನ್ನೊಮ್ಮೆ ಅಫ್ಸಾನಾಳಿಗೆ ಯಾವುದು ಸೇರಬಹುದು ಎಂದು ಊಹಿಸಿ ಒತ್ತಿದಳು. ಸುಮ್ಮನೆ ನಿನಗೆ ಬೇಕಾದ್ದನ್ನು ಒತ್ತೇ ಮಾರಾಯ್ತಿ ಎಂದು ಶಾರವ್ವ ಬೈದಳು. ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಚೌಡವ್ವನಿಗೆ ಬರುತ್ತಿತ್ತು. ಪ್ರದರ್ಶನದ ಹೊತ್ತಿಗೆ ಅವಳ ಹೊಸ ಹೊಲದಲ್ಲಿ ತೋರಿಸುವಂಥದ್ದೇನೂ ಬೆಳೆದಿರಲಿಲ್ಲ. ಕುರ್ಚಿ ಹೋಯಿತೆಂದೇ ಅವಳು ತಿಳಿದಳು. ಹೆಬ್ಬೆರಳಿನ ಉಗುರನ್ನು ಒರಳುಕಲ್ಲಿಗೆ ಉಜ್ಜಿ ಹರಿತ ಮಾಡಿಟ್ಟುಕೊಂಡಳು.

ಪ್ರದರ್ಶನದ ದಿನ ಮೂವರೂ ಬೆಳಿಗ್ಗೆಯೇ ಹೊರಟು, ತಿಳವಳ್ಳಿಯ ಮೇಲೆ ಹಾದು ಹಾನಗಲ್ಲಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ ಶಿಗ್ಗಾವಿ ಮುಟ್ಟಿದರು. ಚೌಡವ್ವ ನೀಲಿ ಅಂಚಿನ ಬಿಳಿ ಸೀರೆ ಉಟ್ಟಿದ್ದಳು. ಶಾರವ್ವ ಹಾದಿಯುದ್ದಕ್ಕೂ ಮಾತನಾಡಿದಳು. ಚೌಡವ್ವನಿಗೆ ಬೆನ್ನು ನೋಯುತ್ತಿತ್ತು, ಕಿಟಕಿಯಾಚೆ ಗೋವಿನಜೋಳದ ಮೊಳಕೆ ಸಾಲು ಸಾಲಾಗಿ ಹಿಂದೆ ಹೋಗುತ್ತಿದ್ದವು. ಎಲ್ಲೋ ಒಂದು ಸಾಲು ಸೊಟ್ಟಗಿದ್ದರೆ ಅದೇ ಕಣ್ಣಿಗೆ ಬೀಳುತ್ತಿತ್ತು.

ಪ್ರದರ್ಶನದ ಸಭಾಂಗಣದ ಒಳಗೆ ಶಾರವ್ವನ ಗೋಡೆ ಮೊದಲು ಸಿಕ್ಕಿತು. ಕೋಳಿಗಳು, ದೀಪದಂಥವು, ಉಂಡು ಮಲಗಿದ ಭಾವ. ಶಾರವ್ವ ತನ್ನ ಮಾಲನ್ನು ತಾನೇ ಮಾರುವವಳಂತೆ ಬಂದವರಿಗೆಲ್ಲ ವಿವರಿಸತೊಡಗಿದಳು. ಸವಿತಾಳ ಗೋಡೆ ತುಂಬ ನೀಲಿ, ನೋಡಿದರೆ ತಂಪಾಗುವಂಥದ್ದು. ಮೂರನೆಯ ಗೋಡೆಯ ಹತ್ತಿರ ಚೌಡವ್ವ ಹೋಗಲಿಲ್ಲ. ದೂರದಿಂದಲೇ ನೋಡಿದಳು. ನೆಲದಿಂದ ಮಾಡಿನ ತನಕ ಅಂಗೈಯಗಲದ ಚಿತ್ರಗಳು, ಎಣಿಸಲಾರದಷ್ಟು, ಒಂದರಂತೆ ಇನ್ನೊಂದಿಲ್ಲ. ಯಾರದೋ ಬೇರೆಯವರದು ಎಂದುಕೊಂಡಳು. ಕೆಳಗೆ ಬರೆದಿದ್ದನ್ನು ಅಕ್ಷರ ಕೂಡಿಸಿ ಓದಿದಳು. ಅವಳದೇ ಹೆಸರು.

ಹತ್ತಿರ ಹೋದಾಗ ಗುರುತು ಹತ್ತಿತು. ಸೊಟ್ಟ ಬಳೆ. ಹಸಿರು ಇಣುಕಿದ ಹಳದಿ. ಒಡೆದು ಎರಡಾದ ಬಳೆ, ಬಳೆಯಾಗಲು ಹೋಗಿ ಬಾಲ ಬೆಳೆಸಿಕೊಂಡದ್ದು, ಕೆಂಪು ನೆಲದಲ್ಲಿ ಬಾವಿಯಂಥ ಕಪ್ಪು ತೆರೆದದ್ದು. ಅವಳು ಇಷ್ಟು ತಿಂಗಳು ಕಿತ್ತು ಒಗೆದ ಬೆರಕೆಗಳೆಲ್ಲ ಅಲ್ಲಿ ನಿಂತಿದ್ದವು. ಹೊಲದಲ್ಲಿ ಕಿತ್ತದ್ದು ಬದುವಿನಾಚೆ ಒಣಗಿಹೋಗುತ್ತಿತ್ತು, ಯಾರೂ ತಿರುಗಿ ನೋಡುತ್ತಿರಲಿಲ್ಲ. ಕಂಪ್ಯೂಟರು ಏನನ್ನೂ ಒಗೆಯುವುದಿಲ್ಲ, ಅಫ್ಸಾನಾ ಅದರೊಳಗಿಂದ ಇವನ್ನೆಲ್ಲ ತೆಗೆಸಿದ್ದಾಳೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಎಲ್ಲರೂ ನಿಂತು ನೋಡುತ್ತಿದ್ದರು. ನಾಚಿಕೆಯಿಂದ ಅವಳು ಸೆರಗು ಎಳೆದುಕೊಂಡಳು. ಹದಿನೇಳರ ವಯಸ್ಸಿನಲ್ಲಿ ಕೈಯಲ್ಲಿ ಗಿಡ ಹಿಡಿದು ನಡೆದ ದಾರಿಯನ್ನು ಮತ್ತೆ ನಡೆಯುತ್ತಿದ್ದೇನೆ ಅನಿಸಿತು, ಆಗ ಒಂದು ಗಿಡವಿತ್ತು, ಈಗ ಇಡೀ ಗೋಡೆ.

ಸಂಸ್ಥೆಯಿಂದ ಬಂದಿದ್ದವರು ಬಿಳಿ ಕೂದಲಿನ ಒಬ್ಬ ಹೆಂಗಸು. ಆ ಗೋಡೆಯ ಮುಂದೆ ಅವರು ಬಹಳ ಹೊತ್ತು ನಿಂತರು. ಅಫ್ಸಾನಾ ಅವರಿಗೆ ಬೆರಕೆಯ ಕಥೆಯನ್ನೆಲ್ಲ ಹೇಳಿದ್ದಳು, ತನ್ನ ತಪ್ಪನ್ನೂ ಸೇರಿಸಿ. ಮುಂದಿನ ವರ್ಷದ ಕೆಲಸ ಈ ಗೋಡೆಯಿಂದ ಶುರುವಾಗಲಿ ಎಂದು ಅವರು ಹೇಳಿದರು. ಆದರೆ ಯಾವ ಚಿತ್ರದಿಂದ ಎಂದು ಚೌಡವ್ವನೇ ಹೇಳಬೇಕು, ಅಫ್ಸಾನಾ ಹೇಳಿಕೊಡಬಾರದು. ಹೇಳಿದರೆ ಮೂವರೂ ಇರಲಿ, ಹೇಳಲಾಗದಿದ್ದರೆ ಮೊದಲಿನ ಮಾತಿನಂತೆ ಉಳಿದಿಬ್ಬರೇ ಸಾಕು. ಕಠಿಣವಾಗಿ ಹೇಳಲಿಲ್ಲ, ಆದರೆ ಅದು ಕೊನೆಯ ಮಾತು ಎಂಬುದು ಎಲ್ಲರಿಗೂ ತಿಳಿಯಿತು.

ಅಫ್ಸಾನಾ ಚೌಡವ್ವನ ಪಕ್ಕ ಬಂದಳು. "ಅಕ್ಕಾ, ಇದರಾಗ ಯಾವುದರ ಮಕ್ಕಳು ಹುಟ್ಟಬೇಕು? ನೀವ ಹೇಳ್ರಿ."

ಚೌಡವ್ವ ಗೋಡೆಯನ್ನು ನೋಡಿದಳು. ಮತ್ತೆ ಅದೇ, ಆರಿಸು ಎಂಬ ಮಾತು. ಬೆಳಗಿನಿಂದ ನಿಂತ ಕಾಲು, ಬಸ್ಸಿನಲ್ಲಿ ಕುಲುಕಿದ ಬೆನ್ನು. ಅಫ್ಸಾನಾಳಿಗೆ ಯಾವುದು ಸೇರುತ್ತದೆ ಎಂದು ಊಹಿಸಲು ಹೋದಳು, ತಲೆ ಓಡಲಿಲ್ಲ. ಬಿಳಿ ಕೂದಲಿನವರ ಮುಖ ನೋಡಿದಳು, ಅಲ್ಲೂ ಏನೂ ಬರೆದಿರಲಿಲ್ಲ. ಯಾವುದು ಚೊಕ್ಕ ಎಂದು ಹುಡುಕಿದಳು, ಆ ಗೋಡೆಯಲ್ಲಿ ಚೊಕ್ಕವಾದದ್ದು ಒಂದೂ ಇರಲಿಲ್ಲ. ಹೆದರುವುದಕ್ಕೂ ಶಕ್ತಿ ಬೇಕು, ಅದು ಮುಗಿದುಹೋಗಿತ್ತು. ಸುಮ್ಮನೆ ನೋಡುತ್ತಾ ನಿಂತಳು.

ಹಾಗೆ ನಿಂತಾಗ ಕೆಳಗೆ, ಮೂಲೆಯ ಹತ್ತಿರ, ಒಂದು ಕಣ್ಣಿಗೆ ಬಿತ್ತು. ಕಂದು ಬಣ್ಣದ್ದು, ಮಣ್ಣು ಮೆತ್ತಿದಂತಿತ್ತು. ಬಳೆ ಅದರಲ್ಲಿ ಇರಲೇ ಇಲ್ಲ, ಬಳೆ ಬಿದ್ದು ಹೋದ ಗುರುತೊಂದಿತ್ತು, ಅದರ ಬದಿಗೆ ಹಸಿರಿನ ಒಂದು ಎಳೆ. ಚಂದ ಎಂದು ಯಾರೂ ಹೇಳುವಂತಿರಲಿಲ್ಲ. ಕಣ್ಣು ಬೇರೆ ಕಡೆ ಹೋಗಿ ಮತ್ತೆ ಅಲ್ಲಿಗೇ ಬಂತು. ಬೇರೆ ಕಡೆ ಹೋಯಿತು, ಮತ್ತೆ ಬಂತು. ಅದನ್ನು ಕಿತ್ತ ದಿನ ಯಾವುದೆಂದು ಅವಳಿಗೆ ನೆನಪಿರಲಿಲ್ಲ, ಅದನ್ನು ಸರಿಯಾಗಿ ನೋಡಿದ್ದೂ ಇಲ್ಲ. ಈಗ ನೋಡುತ್ತಿದ್ದಳು.

ಬಗ್ಗಬಾರದೆಂದು ಡಾಕ್ಟರು ಹೇಳಿದ್ದರೂ ಬಗ್ಗಿದಳು. ಹೆಬ್ಬೆರಳಿನ ಹರಿತ ಉಗುರನ್ನು ಆ ಚಿತ್ರದ ಅಂಚಿಗೆ ಇಟ್ಟಳು. ಹಿಂದೆ ಅನ್ನವ್ವ ನಿಂತಿದ್ದಾಳೆ ಅನಿಸಿತು. ಅನ್ನವ್ವ ತೀರಿಹೋಗಿ ಎಷ್ಟೋ ವರ್ಷಗಳಾಗಿದ್ದವು.

"ಇದೊಂದು ಇರ್ಲಿ ಬಿಡ್ರಿ," ಎಂದಳು.

ಯಾಕೆ ಎಂದು ಬಿಳಿ ಕೂದಲಿನವರು ಕೇಳಿದರು. ಯಾಕೆಂದು ಚೌಡವ್ವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ರಿ ಎಂದೇ ಹೇಳಿದಳು. ಅವರು ಅಫ್ಸಾನಾಳ ಕಡೆ ನೋಡಿ ಆಗಲಿ ಎಂಬಂತೆ ತಲೆಯಾಡಿಸಿ ಮುಂದಕ್ಕೆ ಹೋದರು. ಅಫ್ಸಾನಾ ಚೌಡವ್ವನ ಕೈ ಹಿಡಿದು ಮೇಲೆತ್ತಿದಳು, ಅವಳ ಕಣ್ಣು ತುಂಬಿದ್ದವು. ಸೋಮವಾರ ಬರ್ರಿ ಅಕ್ಕಾ, ಇದರಿಂದನ ಶುರು ಮಾಡೋಣ ಎಂದಳು.

ಚೌಡವ್ವ ಇನ್ನೊಮ್ಮೆ ಆ ಕಂದು ಚಿತ್ರವನ್ನು ನೋಡಿದಳು. ಯಾರೂ ಅದನ್ನು ಕಿತ್ತು ಅವಳ ಕೈಗೆ ಕೊಡಲಿಲ್ಲ. ಅದು ಗೋಡೆಯ ಮೇಲೆ ಇದ್ದಲ್ಲೇ ಇತ್ತು. ಇಲ್ಲಿ ಎಲ್ಲಿಯಾದರೂ ಒಂದು ಕುರ್ಚಿ ಇದೆಯೇ ಎಂದು ಅವಳು ಕೇಳಿದಳು.